ಬಾಫಾತ್ ಹುಡಿಯ ಡಬ್ಬಿ ಮುಚ್ಚಿಡಿ: ಟೊಮೆಟೊ ಹಾಕಿದ ಪೋರ್ಕ್ ಪಕ್ಕೆಲುಬಿನ ಸೂಪ್

ಹೋದ ವರ್ಷ ಮಳೆಗಾಲದಲ್ಲಿ ನನ್ನ ಅತ್ತೆಗೆ ಹತ್ತು ದಿನ ಜ್ವರ ಬಂತು. ಜ್ವರ ಬಿಟ್ಟಿತು, ಬಾಯಿರುಚಿ ಮಾತ್ರ ವಾಪಸ್ ಬರಲಿಲ್ಲ. ಗಂಜಿ ಬೇಡ, ಚಟ್ನಿ ಬೇಡ. ಮೀನಾದರೂ ಕೊಡೋಣ ಅಂದರೆ ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ, ಮಾರ್ಕೆಟಿನಲ್ಲಿ ಇದ್ದಬದ್ದ ನಾಲ್ಕು ಬಂಗುಡೆಗೆ ಕೈ ಸುಡುವ ರೇಟು. ಹಡಗಿನಲ್ಲಿ ಕೆಲಸ ಮಾಡುವ ನನ್ನ ಮೈದುನ ಆಗ ರಜೆಗೆ ಮಂಗಳೂರಿಗೆ ಬಂದಿದ್ದ. ಹಡಗಿನ ಅಡುಗೆಮನೆಯಲ್ಲಿ ಚೀನಾದ ಅಡುಗೆಯವರ ಜೊತೆ ಎರಡು ವರ್ಷ ಇದ್ದವನು. "ಅತ್ತಿಗೆ, ಇವತ್ತು ಅರ್ಧ ದಿನ ಒಲೆ ನನಗೆ ಬಿಟ್ಟುಬಿಡಿ" ಅಂದ. ಮಧ್ಯಾಹ್ನ ಅತ್ತೆಯ ಮುಂದೆ ಒಂದು ಬಟ್ಟಲು ಕೆಂಪು ಸೂಪ್ ಇಟ್ಟ. ಒಳಗೆ ಎರಡು ಎಲುಬು, ಮೇಲೆ ಒಂದು ಚಿಟಿಕೆ ಈರುಳ್ಳಿ ಸೊಪ್ಪು. ಅತ್ತೆ ಎರಡು ಚಮಚ ಕುಡಿದು ನೋಡಿದರು, ಆಮೇಲೆ ಚಮಚ ಬದಿಗಿಟ್ಟು ಬಟ್ಟಲನ್ನೇ ಎತ್ತಿ ಕುಡಿದರು. "ಇನ್ನೊಂದು ಸೌಟು ಹಾಕು ಬಾಯೆ" ಅಂತ ನನ್ನ ಕಡೆ ಬಟ್ಟಲು ಚಾಚಿದರು. ಆ ಮಾತು ಕೇಳದೆ ಮೂರು ವಾರ ಆಗಿತ್ತು.

ಅವತ್ತಿನಿಂದ ಇದು ನಮ್ಮ ಮನೆಯ ಅಡುಗೆಯೂ ಆಗಿದೆ. ಕೇಳಿದವರಿಗೆಲ್ಲ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಈಗ ಬರೆದೇ ಇಡುತ್ತಿದ್ದೇನೆ.

ಮೊದಲೇ ಒಂದು ಮಾತು. ನಮ್ಮಂಥ ಮಂಗಳೂರು ಕ್ರಿಶ್ಚಿಯನ್ ಮನೆಗಳಲ್ಲಿ ಹಂದಿ ಮಾಂಸ ಅಂದ ಕೂಡಲೇ ಕೈ ತನ್ನಷ್ಟಕ್ಕೆ ಬಾಫಾತ್ ಹುಡಿ (ನಮ್ಮ ಖಾರದ ಪೋರ್ಕ್ ಪದಾರ್ಥದ ಮಸಾಲೆ), ವಿನೆಗರ್, ಹಸಿಮೆಣಸಿನ ಕಡೆ ಹೋಗುತ್ತದೆ. ಅದು ಒಳ್ಳೆಯ ಅಡುಗೆ, ಹಬ್ಬಕ್ಕೆ ಸನ್ನಾಸ್ (ಇಡ್ಲಿಯಂಥ ಅಕ್ಕಿ ತಿಂಡಿ) ಜೊತೆ ಅದೇ ಬೇಕು. ಆದರೆ ಈ ಸೂಪಿನ ದಾರಿ ಬೇರೆ. ಇಲ್ಲಿ ರುಚಿ ಬರಬೇಕಾದದ್ದು ಎಲುಬಿನಿಂದ ಮತ್ತು ಟೊಮೆಟೊದಿಂದ. ಮಸಾಲೆ ಹಾಕಿದರೆ ಆ ಎರಡೂ ಅಡಿಗೆ ಹೋಗುತ್ತವೆ. ನಾನೊಬ್ಬಳೇ ಮೊದಲ ಸಲ ಮಾಡಿದಾಗ "ಒಂದು ಚಮಚ ಹುಡಿ ಹಾಕಿದರೆ ಏನಾಗುತ್ತದೆ" ಅಂತ ಹಾಕಿಬಿಟ್ಟೆ. ಆದದ್ದು ನೀರಾದ ಬಾಫಾತ್. ಸೂಪ್ ಆಗಲಿಲ್ಲ. ಮನೆಯವರು ಸುಮ್ನೆ ಊಟ ಮಾಡಿ ಎದ್ದರು, ಯಾರೂ ಎರಡನೇ ಸಲ ಕೇಳಲಿಲ್ಲ.

ಚೀನಾದಲ್ಲಿ ಇದು ಮನೆಮನೆಯ ಸೂಪ್. ನಮ್ಮಲ್ಲಿ ಸಾರು ಹೇಗೋ ಹಾಗೆ ಊಟದ ಜೊತೆ ಬಟ್ಟಲಲ್ಲಿ ಇಡುತ್ತಾರೆ. ಅವರ ಭಾಷೆಯಲ್ಲಿ ಟೊಮೆಟೊಗೆ ಇರುವ ಒಂದು ಹೆಸರು ಫಾನ್‌ಚಿಯೆ, ಅಂದರೆ ಹೊರಗಿನಿಂದ ಬಂದ ಬದನೆ. ನನಗೆ ಈ ಹೆಸರು ಬಹಳ ಇಷ್ಟವಾಯಿತು, ಯಾಕೆಂದರೆ ಬದನೆ, ಟೊಮೆಟೊ ಎರಡೂ ನಿಜವಾಗಿ ಒಂದೇ ಕುಟುಂಬದ ಗಿಡಗಳು.

ಏನೇನು ಬೇಕು

ನಾಲ್ಕು ಜನಕ್ಕೆ ಮುಕ್ಕಾಲು ಕಿಲೋ ಪಕ್ಕೆಲುಬು, 600 ಗ್ರಾಂ ಟೊಮೆಟೊ, ಎರಡು ಬಟಾಟೆ ಅಥವಾ ಒಂದು ದೊಡ್ಡ ಕ್ಯಾರೆಟ್ (ಎರಡೂ ಹಾಕಿದರೂ ತೊಂದರೆ ಇಲ್ಲ), ಎರಡು ಬೆರಳಷ್ಟು ಶುಂಠಿ, ಆರು ಎಸಳು ಬೆಳ್ಳುಳ್ಳಿ, ಒಂದು ನೀರುಳ್ಳಿ, ಹತ್ತು ಹನ್ನೆರಡು ಕಾಳು ಒಳ್ಳೆಮೆಣಸು (ಕರಿಮೆಣಸು), ಸ್ವಲ್ಪ ಈರುಳ್ಳಿ ಸೊಪ್ಪು, ಉಪ್ಪು, ಎರಡು ಲೀಟರ್ ನೀರು. ಅಷ್ಟೇ. ಕಾರ್ನ್‌ಫ್ಲೋರ್ ಬೇಡ, ಬೆಣ್ಣೆ ಬೇಡ, ಸಕ್ಕರೆಯ ಮಾತು ಆಮೇಲೆ ಹೇಳುತ್ತೇನೆ.

ಪಾತ್ರೆ ಸ್ಟೀಲಿನದ್ದು ಅಥವಾ ಮಣ್ಣಿನದ್ದು ಇರಲಿ. ಟೊಮೆಟೊದ ಹುಳಿ ಅಲ್ಯೂಮಿನಿಯಮ್ಮಿಗೆ ಆಗಿಬರುವುದಿಲ್ಲ, ಸೂಪಿಗೆ ಲೋಹದ ರುಚಿ ಹಿಡಿಯುತ್ತದೆ. ಮೀನು ಸಾರು ಮಾಡುವ ಮಣ್ಣಿನ ಪಾತ್ರೆ ಇದ್ದರೆ ದಯವಿಟ್ಟು ಅದನ್ನು ತೆಗೆಯಬೇಡಿ. ವರ್ಷಗಟ್ಟಲೆ ಕುಡಿದ ಬಂಗುಡೆ ವಾಸನೆಯನ್ನು ಅದು ಈ ಸೂಪಿಗೆ ಬಿಟ್ಟುಕೊಡುತ್ತದೆ.

ಅಂಗಡಿಯಲ್ಲಿ

ಭಾನುವಾರ ಬೆಳಿಗ್ಗೆ ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಪೋರ್ಕ್ ಅಂಗಡಿಯಲ್ಲಿ ಸಾಲು ಎಷ್ಟಿರುತ್ತದೆ ಅಂತ ಗೊತ್ತಿದ್ದವರಿಗೆ ಗೊತ್ತು. ಪೂಜೆಗೆ ಮುಂಚೆಯೇ ಹೋಗಿ. ತಡವಾಗಿ ಹೋದರೆ ಪಕ್ಕೆಲುಬು ಮುಗಿದು ಹೊಟ್ಟೆಯ ಭಾಗದ ದಪ್ಪ ನೆಣ ಉಳಿದಿರುತ್ತದೆ. ಬಾಫಾತಿಗೆ ಅದು ಒಳ್ಳೆಯದು, ಸೂಪಿಗೆ ಮಾತ್ರ ಬೇಡ.

"ಸೂಪಿಗೆ, ಪಕ್ಕೆಲುಬು ಮಾತ್ರ, ಚರ್ಮ ಬೇಡ, ಎರಡು ಬೆರಳು ಉದ್ದಕ್ಕೆ ಕಡಿದುಕೊಡಿ" ಅಂತ ಸರಿಯಾಗಿ ಹೇಳಿ. ಸುಮ್ನೆ "ಪೋರ್ಕ್ ಕೊಡಿ" ಅಂದರೆ ಅವರು ಬಾಫಾತಿಗೆ ಅಂತಲೇ ಕಡಿಯುತ್ತಾರೆ, ಅದು ಅವರ ತಪ್ಪಲ್ಲ. ಮಾಂಸ ತಿಳಿ ಕೆಂಪಾಗಿರಬೇಕು, ಒತ್ತಿದರೆ ಗುಳಿ ಬಿದ್ದದ್ದು ವಾಪಸ್ ಬರಬೇಕು. ಇನ್ನೊಂದು ವಿಷಯ ಕಣ್ಣು ಬಿಟ್ಟು ನೋಡಿ: ಮಾಂಸದ ನಡುವೆ ಅಕ್ಕಿಕಾಳಿನಷ್ಟು ದೊಡ್ಡ ಬಿಳಿ ಗುಳ್ಳೆಗಳಿದ್ದರೆ ಎಷ್ಟೇ ಕಡಿಮೆ ರೇಟಿಗೆ ಕೊಟ್ಟರೂ ಬೇಡ. ಅದು ಲಾಡಿಹುಳುವಿನ ಮರಿ. ಹಂದಿ ಮಾಂಸವನ್ನು ಪೂರ್ತಿ ಬೇಯಿಸಬೇಕು ಅನ್ನುವುದಕ್ಕೆ ಅದೂ ಒಂದು ಕಾರಣ. ಈ ಸೂಪಿನಲ್ಲಿ ಒಂದೂವರೆ ಗಂಟೆ ಕುದಿಯುವುದರಿಂದ ಅರೆಬೆಂದ ಮಾಂಸದ ಚಿಂತೆ ಇಲ್ಲ, ಆದರೂ ತರುವಾಗಲೇ ಒಳ್ಳೆಯದು ತರಬೇಕು ಅಲ್ವಾ.

ಟೊಮೆಟೊ ವಿಷಯಕ್ಕೆ ಬಂದರೆ, ಗಟ್ಟಿ ಸಿಪ್ಪೆಯ ಉದ್ದ ಟೊಮೆಟೊ ಬೇಡ. ಅದು ಸಾಂಬಾರಿಗೆ, ದೂರದ ಲಾರಿ ಪ್ರಯಾಣಕ್ಕೆ ಸರಿ. ಸಿಕ್ಕಿದರೆ ನಾಟಿ ಟೊಮೆಟೊ ತನ್ನಿ, ಪಟ್ಟೆಪಟ್ಟೆಯಾಗಿ ಚಪ್ಪಟೆಯಾಗಿ ಇರುತ್ತದಲ್ಲ, ಅದು. ಹುಳಿ ಜಾಸ್ತಿ, ರಸ ಜಾಸ್ತಿ. ಮಳೆಗಾಲದಲ್ಲಿ ಘಟ್ಟದ ಮೇಲಿಂದ ಬರುವ ಟೊಮೆಟೊ ಎಷ್ಟೋ ಸಲ ಅರ್ಧ ಹಸಿರೇ ಇರುತ್ತದೆ. ಎರಡು ದಿನ ಮುಂಚೆ ತಂದು ಬುಟ್ಟಿಯಲ್ಲಿ ಹೊರಗೇ ಇಡಿ, ಫ್ರಿಜ್ಜಿಗೆ ಹಾಕಬೇಡಿ. ಫ್ರಿಜ್ಜಿನಲ್ಲಿ ಹಣ್ಣಾಗುವುದೂ ಇಲ್ಲ, ಪರಿಮಳವೂ ಹೋಗುತ್ತದೆ. 2023ರ ಜುಲೈಯಲ್ಲಿ ಕಿಲೋಗೆ 100 ರೂಪಾಯಿ ದಾಟಿತ್ತಲ್ಲ, ಅಂಥ ಸಮಯದಲ್ಲಿ ಮಾತ್ರ ಇದನ್ನು ಮಾಡದೆ ಇರುವುದೇ ಒಳ್ಳೆಯದು. ಟೊಮೆಟೊ ಕಡಿಮೆ ಹಾಕಿ ಹುಣಸೆಹುಳಿಯಲ್ಲಿ ಸರಿತೂಗಿಸಲು ಹೋದರೆ ಅದು ರಸಮ್ ಆಗುತ್ತದೆ.

ಮೊದಲ ಕುದಿ, ಚೆಲ್ಲುವುದಕ್ಕೆ

ಇದು ನಾವು ಯಾರೂ ಮಾಡದ ಕೆಲಸ, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಪಕ್ಕೆಲುಬನ್ನು ಮೊದಲು ಎರಡು ಮೂರು ನೀರಿನಲ್ಲಿ ಕೈಯಾಡಿಸಿ ತೊಳೆಯಿರಿ. ಕತ್ತಿಯಲ್ಲಿ ಕಡಿದ ಎಲುಬಿನ ಸಣ್ಣ ಚೂರುಗಳು ಮಾಂಸಕ್ಕೆ ಅಂಟಿರುತ್ತವೆ, ಒಂದೊಂದು ತುಂಡನ್ನೂ ಬೆರಳಲ್ಲಿ ಸವರಿ ನೋಡಿ. ಮಕ್ಕಳಿಗೆ, ವಯಸ್ಸಾದವರಿಗೆ ಕೊಡುವುದಾದರೆ ಇದರಲ್ಲಿ ಅವಸರ ಬೇಡ. ಆಮೇಲೆ ಅರ್ಧ ಗಂಟೆ ತಣ್ಣೀರಿನಲ್ಲಿ ಮುಳುಗಿಸಿ ಇಟ್ಟರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಅದು ರಕ್ತ ಮತ್ತು ಮಾಂಸದ ಕೆಂಪು ರಸ. ಚೆಲ್ಲಿ.

ಈಗ ಪಾತ್ರೆಗೆ ಪಕ್ಕೆಲುಬು ಹಾಕಿ ಅದು ಮುಳುಗುವಷ್ಟು ತಣ್ಣೀರು ಹಾಕಿ, ನಾಲ್ಕು ತುಂಡು ಶುಂಠಿ ಹಾಕಿ ಒಲೆಗೆ ಇಡಿ. ತಣ್ಣೀರೇ ಯಾಕೆ? ಕುದಿಯುವ ನೀರಿಗೆ ಹಾಕಿದರೆ ಹೊರಗಿನ ಮಾಂಸ ತಕ್ಷಣ ಬಿಗಿದು ಒಳಗಿನ ರಕ್ತ ಒಳಗೇ ಉಳಿಯುತ್ತದೆ. ತಣ್ಣೀರಿನಿಂದ ನಿಧಾನಕ್ಕೆ ಬಿಸಿಯಾದರೆ ಅದು ಹೊರಗೆ ಬಂದು ಮೇಲೆ ಬೂದುಬಣ್ಣದ ನೊರೆಯಾಗಿ ನಿಲ್ಲುತ್ತದೆ. ಮುಚ್ಚಳ ಹಾಕಬೇಡಿ. ಕುದಿ ಬಂದ ಮೇಲೆ ಐದು ನಿಮಿಷ ಬಿಡಿ. ಹಂದಿ ಮಾಂಸದ ಹಸಿ ವಾಸನೆ ಅಂತ ಯಾವುದನ್ನು ಹೇಳುತ್ತೇವೋ ಅದರಲ್ಲಿ ಮುಕ್ಕಾಲು ಪಾಲು ಈ ನೊರೆಯ ಜೊತೆ ಹೋಗುತ್ತದೆ. ನಾವು ಅದನ್ನು ವಿನೆಗರ್ ಮತ್ತು ಮಸಾಲೆಯಿಂದ ಮುಚ್ಚುತ್ತೇವೆ, ಚೀನಾದವರು ನೀರಿನಲ್ಲಿ ತೆಗೆದು ಹೊರಗೆ ಹಾಕುತ್ತಾರೆ.

ಆ ನೀರು ಪೂರ್ತಿ ಚೆಲ್ಲಿ. "ಸತ್ವ ಹೋಯಿತಲ್ಲ" ಅಂತ ನನ್ನ ತಾಯಿ ಪಕ್ಕದಲ್ಲೇ ನಿಂತು ಹೇಳಿದ್ದರು. ಐದು ನಿಮಿಷದಲ್ಲಿ ಎಲುಬಿನ ಸತ್ವ ಹೋಗುವುದಿಲ್ಲ, ಅದು ಇಳಿಯುವುದಕ್ಕೆ ಗಂಟೆ ಬೇಕು. ತುಂಡುಗಳನ್ನು ಬೆಚ್ಚಗಿನ ನೀರಿನಲ್ಲಿ ತೊಳೆದು, ಪಾತ್ರೆಯ ಅಂಚಿಗೆ ಅಂಟಿದ ನೊರೆಯನ್ನೂ ಉಜ್ಜಿ ತೆಗೆಯಿರಿ.

ಎರಡನೇ ಕುದಿ, ಸಣ್ಣ ಉರಿಯಲ್ಲಿ

ಅದೇ ಪಾತ್ರೆಗೆ ಪಕ್ಕೆಲುಬು, ಎರಡು ಲೀಟರ್ ಬಿಸಿನೀರು, ಉಳಿದ ಶುಂಠಿಯನ್ನು ಜಜ್ಜಿ, ಒಳ್ಳೆಮೆಣಸಿನ ಕಾಳು. ಕುದಿ ಬರುವ ತನಕ ದೊಡ್ಡ ಉರಿ, ಆಮೇಲೆ ಸಿಮ್. ಎಷ್ಟು ಸಿಮ್ ಅಂದರೆ ನೀರಿನ ಮೇಲೆ ಅಲ್ಲೊಂದು ಇಲ್ಲೊಂದು ಗುಳ್ಳೆ ಎದ್ದು ಒಡೆಯಬೇಕು, ಅಷ್ಟೇ. ಕೊತಕೊತ ಕುದಿಸಿದರೆ ನೆಣ ನೀರಿನೊಳಗೆ ಒಡೆದು ಸೇರಿಕೊಂಡು ಸೂಪ್ ಬಿಳಿಚಿ ಜಿಡ್ಡಾಗುತ್ತದೆ. ಸಣ್ಣ ಉರಿಯಲ್ಲಿ ನೆಣ ಮೇಲೆ ತೇಲುತ್ತದೆ, ಸೌಟಿನಲ್ಲಿ ತೆಗೆಯಬಹುದು. ಮುಚ್ಚಳ ಸ್ವಲ್ಪ ಓರೆ ಮಾಡಿ ಇಡಿ. ಹೀಗೆ 50 ನಿಮಿಷ. ಈ ಹೊತ್ತಿನಲ್ಲಿ ಎಲುಬಿನ ಸುತ್ತಲಿನ ಬಿಗಿ ನಾರು ಕರಗಿ ನೀರಿಗೆ ಇಳಿಯುತ್ತದೆ, ಕುಡಿದ ಮೇಲೆ ತುಟಿ ತುಟಿಗೆ ಸ್ವಲ್ಪ ಅಂಟುವ ಹಾಗೆ ಆಗುತ್ತದಲ್ಲ, ಅದು ಇದರಿಂದ.

50 ನಿಮಿಷ ಆದ ಮೇಲೆ ಬಟಾಟೆ, ಕ್ಯಾರೆಟ್ ದೊಡ್ಡ ತುಂಡು ಮಾಡಿ ಹಾಕಿ. ಟೊಮೆಟೊಗಿಂತ ಮುಂಚೆಯೇ ಹಾಕಬೇಕು. ಈ ಕ್ರಮ ನಾನು ಕೆಟ್ಟ ಅನುಭವದಿಂದ ಕಲಿತದ್ದು. ಒಂದು ಸಲ ಟೊಮೆಟೊ, ಬಟಾಟೆ ಒಟ್ಟಿಗೇ ಹಾಕಿದೆ. ಮಾಂಸ ಎಲುಬು ಬಿಟ್ಟು ಬಂತು, ಬಟಾಟೆ ಮಾತ್ರ ಒಂದು ಗಂಟೆಯಾದರೂ ನಡುವಿನಲ್ಲಿ ಕರಕರ. ಅತ್ತೆಗೆ ಹಲ್ಲಿಲ್ಲ, ಆ ಬಟಾಟೆ ಎಲ್ಲ ಬಟ್ಟಲಿನ ಅಡಿಯಲ್ಲೇ ಉಳಿಯಿತು. ಹುಳಿಯಲ್ಲಿ ತರಕಾರಿ ಬೇಗ ಮೆತ್ತಗಾಗುವುದಿಲ್ಲ. ನಮ್ಮ ಹಿರಿಯರು ಸಾಂಬಾರಿಗೆ ತರಕಾರಿ ಬೆಂದ ಮೇಲೆಯೇ ಹುಣಸೆಹುಳಿ ಹಾಕುವುದು ಅದಕ್ಕೇ. ಬಟಾಟೆಗೆ 15 ನಿಮಿಷ ಸಾಕು, ಚಾಕು ಸುಲಭವಾಗಿ ಇಳಿಯಬೇಕು.

ಟೊಮೆಟೊ ಕರಗಿಸುವುದು

ನನ್ನನ್ನು ಕೇಳಿದರೆ ಇಡೀ ಸೂಪ್ ನಿಂತಿರುವುದು ಇದರ ಮೇಲೆ. ಟೊಮೆಟೊವನ್ನು ಹಸಿಯಾಗಿ ನೀರಿಗೆ ಹಾಕಿ ಕುದಿಸಿದರೆ ಹುಳಿನೀರು ಸಿಗುತ್ತದೆ, ಬಣ್ಣವೂ ತೆಳು. ಬಾಣಲೆಯಲ್ಲಿ ನೆಣದ ಜೊತೆ ಹುರಿದು ಕರಗಿಸಿ ಹಾಕಿದರೆ ಮಾತ್ರ ಆ ಕೆಂಪು, ಆ ದಪ್ಪ ರುಚಿ ಬರುತ್ತದೆ. ಟೊಮೆಟೊದ ಕೆಂಪು ಬಣ್ಣ ನೀರಿನಲ್ಲಿ ಕರಗುವಂಥದ್ದಲ್ಲ, ಎಣ್ಣೆಯಲ್ಲಿ ಕರಗುವಂಥದ್ದು.

ಎಲುಬು ಬೇಯುತ್ತಿರುವಾಗಲೇ ಈ ಕೆಲಸ ಶುರು ಮಾಡಿ. ಟೊಮೆಟೊದ ಬುಡದಲ್ಲಿ ಚಾಕುವಿನಿಂದ ಕೂಡಿಸುವ ಚಿಹ್ನೆಯ ಹಾಗೆ ತೆಳುವಾಗಿ ಗೀರಿ, ಕುದಿಯುವ ನೀರಿಗೆ ಅರ್ಧ ನಿಮಿಷ ಹಾಕಿ ತಣ್ಣೀರಿಗೆ ತೆಗೆಯಿರಿ. ಗೀರಿದ ಜಾಗದಲ್ಲಿ ಸಿಪ್ಪೆ ಸುರುಳಿ ಸುತ್ತಿಕೊಂಡು ಎದ್ದಿರುತ್ತದೆ, ಎಳೆದರೆ ಬಂದುಬಿಡುತ್ತದೆ. ಬೀಜ ಮತ್ತು ಬೀಜದ ಸುತ್ತ ಇರುವ ಲೋಳೆ ಬಿಸಾಡಬೇಡಿ. ಟೊಮೆಟೊದ ಖಾರವಲ್ಲದ, ಸಿಹಿಯಲ್ಲದ, ನಾಲಗೆಗೆ ಇನ್ನೂ ಬೇಕು ಅನಿಸುವ ಆ ರುಚಿ ಇದೆಯಲ್ಲ, ಅದು ತಿರುಳಿಗಿಂತ ಆ ಲೋಳೆಯಲ್ಲೇ ಜಾಸ್ತಿ. ಮಾಂಸದಲ್ಲಿ ಅದಕ್ಕೆ ಜೊತೆಯಾಗುವ ಇನ್ನೊಂದು ರುಚಿ ಇರುತ್ತದೆ, ಎರಡೂ ಸೇರಿದಾಗ ಒಂದಕ್ಕೊಂದು ಬಲ ಕೊಡುತ್ತವೆ. ಟೊಮೆಟೊ ಮತ್ತು ಎಲುಬು ಇಷ್ಟು ಚೆನ್ನಾಗಿ ಹೊಂದಿಕೊಳ್ಳುವುದು ಇದೇ ಕಾರಣಕ್ಕೆ.

ಮೂರರಲ್ಲಿ ಎರಡು ಪಾಲು ಟೊಮೆಟೊ ಸಣ್ಣಗೆ ಹೆಚ್ಚಿ, ಒಂದು ಪಾಲು ದೊಡ್ಡ ಹೋಳು ಮಾಡಿ ಬೇರೆ ಇಡಿ.

ಬಾಣಲೆಗೆ ಸೂಪಿನ ಮೇಲಿನಿಂದ ತೆಗೆದ ನೆಣ ಒಂದು ದೊಡ್ಡ ಚಮಚ ಹಾಕಿ. ಅದರಲ್ಲಿ ನೀರು ಇರುವುದರಿಂದ ಮೊದಲು ಸ್ವಲ್ಪ ಸಿಡಿಯುತ್ತದೆ, ದೂರ ನಿಲ್ಲಿ. ನೆಣ ಬೇಡ ಅನ್ನುವವರು ಅಡುಗೆ ಎಣ್ಣೆ ಹಾಕಿ, ತೆಂಗಿನೆಣ್ಣೆ ಮಾತ್ರ ಬೇಡ, ಪರಿಮಳ ಬೇರೆಯೇ ಆಗುತ್ತದೆ. ಜಜ್ಜಿದ ಬೆಳ್ಳುಳ್ಳಿ, ಹೆಚ್ಚಿದ ನೀರುಳ್ಳಿ ಹಾಕಿ ಮೆತ್ತಗಾಗುವ ತನಕ ಹುರಿಯಿರಿ, ಕಂದು ಮಾಡಬೇಡಿ. ಸಣ್ಣಗೆ ಹೆಚ್ಚಿದ ಟೊಮೆಟೊ, ಅರ್ಧ ಚಮಚ ಉಪ್ಪು ಹಾಕಿ. ಉಪ್ಪು ಬಿದ್ದ ಕೂಡಲೇ ಟೊಮೆಟೊ ನೀರು ಬಿಡುತ್ತದೆ. ಈಗ ಅವಸರ ಮಾಡದೆ ಎಂಟು ಹತ್ತು ನಿಮಿಷ ಒತ್ತಿ ಒತ್ತಿ ತಿರುಗಿಸುತ್ತಾ ಇರಿ. ಮೊದಲು ಚಳಚಳ ಅನ್ನುವ ಸದ್ದು, ಹುಳಿ ವಾಸನೆ. ಆಮೇಲೆ ಸದ್ದು ದಪ್ಪವಾಗುತ್ತದೆ, ಬಣ್ಣ ಗಾಢವಾಗುತ್ತದೆ, ಸೌಟಿನಿಂದ ಬಾಣಲೆಯ ತಳದಲ್ಲಿ ಒಂದು ಗೆರೆ ಎಳೆದರೆ ಗೆರೆ ತಕ್ಷಣ ಮುಚ್ಚುವುದಿಲ್ಲ, ಅಂಚಿನಲ್ಲಿ ಕೆಂಪು ಎಣ್ಣೆ ಕಾಣಿಸುತ್ತದೆ. ಅಲ್ಲಿಗೆ ಸಾಕು. ಒಂದು ಸೌಟು ಸೂಪ್ ಬಾಣಲೆಗೇ ಹಾಕಿ ತಳ ಕೆರೆದು ಎಲ್ಲವನ್ನೂ ಪಾತ್ರೆಗೆ ಸುರಿಯಿರಿ. ಬಾಣಲೆಗೆ ಅಂಟಿದ್ದನ್ನು ಬಿಡಬೇಡಿ, ರುಚಿ ಅಲ್ಲೂ ಇದೆ.

ಸಣ್ಣ ಉರಿಯಲ್ಲೇ ಇನ್ನು 20 ನಿಮಿಷ. ಆಮೇಲೆ ಬೇರೆ ಇಟ್ಟ ದೊಡ್ಡ ಹೋಳುಗಳನ್ನು ಹಾಕಿ ಐದೇ ನಿಮಿಷ. ಕರಗಿದ ಟೊಮೆಟೊ ಸೂಪಿಗೆ ಮೈ ಕೊಡುತ್ತದೆ, ಕೊನೆಗೆ ಹಾಕಿದ್ದು ಬಾಯಿಗೆ ಹೋಳಾಗಿ ಸಿಗುತ್ತದೆ, ಹೊಸ ಹುಳಿಯೂ ಇರುತ್ತದೆ.

ಉಪ್ಪು ಈಗ ನೋಡಿ ಹಾಕಿ, ಒಂದು ಚಮಚದಿಂದ ಶುರು ಮಾಡಿ. ಮೊದಲೇ ಹಾಕಿದರೆ ನೀರು ಇಂಗಿದ ಮೇಲೆ ಜಾಸ್ತಿಯಾಗುವ ಭಯ. ಹುಳಿ ತೀರಾ ಮೇಲೆ ಬಂದಿದ್ದರೆ ಕಾಲು ಚಮಚ ಸಕ್ಕರೆ ಅಥವಾ ಸಣ್ಣ ತುಂಡು ಬೆಲ್ಲ, ಸಿಹಿ ಗೊತ್ತಾಗಬಾರದು. ಹಣ್ಣಾದ ಟೊಮೆಟೊ ಇದ್ದರೆ ಅದೂ ಬೇಡ. ಮೇಲೆ ಈರುಳ್ಳಿ ಸೊಪ್ಪು. ಕೊತ್ತಂಬರಿ ಸೊಪ್ಪು ಹಾಕಬಹುದು, ನನಗೆ ಈರುಳ್ಳಿ ಸೊಪ್ಪೇ ಹಿಡಿಸಿದ್ದು.

ಕುಕ್ಕರಿನಲ್ಲಿ ಆಗುವುದಿಲ್ಲವೇ

ಆಗುತ್ತದೆ. ಗ್ಯಾಸ್ ಉಳಿಯುತ್ತದೆ, ಕೆಲಸಕ್ಕೆ ಹೋಗುವವರಿಗೆ ಬೇರೆ ದಾರಿಯೂ ಇಲ್ಲ. ಮೊದಲ ಕುದಿಯ ನೀರು ಚೆಲ್ಲುವ ಕೆಲಸ ಮಾತ್ರ ಬಿಡಬೇಡಿ. ತೊಳೆದ ಪಕ್ಕೆಲುಬಿಗೆ ಒಂದೂವರೆ ಲೀಟರ್ ನೀರು ಸಾಕು, ಕುಕ್ಕರಿನಲ್ಲಿ ಇಂಗುವುದು ಕಡಿಮೆ. ಮೂರರಲ್ಲಿ ಎರಡು ಭಾಗಕ್ಕಿಂತ ಮೇಲೆ ತುಂಬಿಸಬೇಡಿ. ಒಂದು ಸೀಟಿ ಬಂದ ಮೇಲೆ ಸಿಮ್ ಮಾಡಿ 20 ನಿಮಿಷ, ಆಮೇಲೆ ಪ್ರೆಶರ್ ತಾನಾಗಿ ಇಳಿಯಲಿ. ಬಟಾಟೆ, ಟೊಮೆಟೊ ಎಲ್ಲ ಮುಚ್ಚಳ ತೆಗೆದ ಮೇಲೆ, ಮೇಲೆ ಹೇಳಿದ ಕ್ರಮದಲ್ಲೇ. ಸೂಪ್ ಸ್ವಲ್ಪ ಮಸುಕಾಗಿರುತ್ತದೆ, ರುಚಿಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ.

ಯಾವುದರ ಜೊತೆ

ಕುಚ್ಚಲಕ್ಕಿ ಅನ್ನದ ಜೊತೆ ಬಟ್ಟಲಲ್ಲಿ ಬೇರೆ ಇಟ್ಟು ಕುಡಿಯುವುದು ಅತ್ತೆಯ ಕ್ರಮ. ಮಕ್ಕಳು ನೀರುದೋಸೆ ಮುಳುಗಿಸಿ ತಿನ್ನುತ್ತಾರೆ, ನನ್ನ ಓಟೂ ಅದಕ್ಕೇ, ಯಾಕೆಂದರೆ ನೀರುದೋಸೆ ತನ್ನ ರುಚಿಯನ್ನು ಮುಂದೆ ಮಾಡದೆ ಸೂಪನ್ನು ಹೀರಿಕೊಳ್ಳುತ್ತದೆ. ಸನ್ನಾಸ್ ಜೊತೆ ಅಷ್ಟು ಸರಿ ಹೋಗಲಿಲ್ಲ. ಸನ್ನಾಸಿನ ಸಿಹಿಹುಳಿಗೆ ಬಾಫಾತಿನ ಖಾರವೇ ಬೇಕು.

ಖಾರ ಬೇಕೇ ಬೇಕು ಅನ್ನುವವರು ನಮ್ಮ ಮನೆಯಲ್ಲೂ ಇದ್ದಾರೆ. ಅವರಿಗೆ ನಾಲ್ಕು ಸಣ್ಣ ಹಸಿಮೆಣಸು, ಉಪ್ಪು, ಎರಡು ಹನಿ ಲಿಂಬೆರಸ ಜಜ್ಜಿ ಚಿಕ್ಕ ತಟ್ಟೆಯಲ್ಲಿ ಕೊಡುತ್ತೇನೆ, ಎಲುಬಿನ ಮಾಂಸ ಅದರಲ್ಲಿ ಅದ್ದಿ ತಿನ್ನಲಿ. ಪಾತ್ರೆಯೊಳಗೆ ಮಾತ್ರ ಹಾಕಲು ಬಿಡುವುದಿಲ್ಲ.

ಉಳಿದರೆ

ನಮ್ಮ ಊರಿನ ಸೆಖೆಯಲ್ಲಿ ಇದನ್ನು ಒಲೆಯ ಮೇಲೇ ರಾತ್ರಿ ಬಿಡಬೇಡಿ. ಎಲುಬಿನ ಸೂಪ್ ಬೇಗ ಹಾಳಾಗುತ್ತದೆ. ಅಗಲ ಪಾತ್ರೆಗೆ ಹಾಕಿ, ಆ ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಬಿಸಿ ಇಳಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಎರಡು ದಿನಕ್ಕೆ ಮೋಸವಿಲ್ಲ.

ಮಾರನೆ ದಿನ ತೆಗೆದಾಗ ಮೇಲೆ ಕಿತ್ತಳೆ ಬಣ್ಣದ ನೆಣದ ಪದರ ಗಟ್ಟಿಯಾಗಿರುತ್ತದೆ, ಚಮಚದಲ್ಲಿ ಎತ್ತಿದರೆ ಹಲಗೆಯ ಹಾಗೆ ಬರುತ್ತದೆ. ಅದರ ಅಡಿಯಲ್ಲಿ ಸೂಪ್ ನೀರಾಗಿರುವುದಿಲ್ಲ, ಪಾತ್ರೆ ಅಲ್ಲಾಡಿಸಿದರೆ ನಡುಗುವಷ್ಟು ಮೆತ್ತಗೆ ಗಟ್ಟಿಯಾಗಿರುತ್ತದೆ. ಹೆದರಬೇಡಿ, ಕೆಟ್ಟಿಲ್ಲ. ಎಲುಬಿನ ಸತ್ವ ಸೂಪಿಗೆ ಚೆನ್ನಾಗಿ ಇಳಿದಿದೆ ಅನ್ನುವುದಕ್ಕೆ ಅದೇ ಗುರುತು. ನೆಣದ ಪದರವನ್ನು ಒಂದು ಕುಪ್ಪಿಯಲ್ಲಿ ಹಾಕಿ ಫ್ರಿಜ್ಜಿನಲ್ಲೇ ಇಡಿ, ನಾಲ್ಕು ದಿನದೊಳಗೆ ಮೊಟ್ಟೆ ಹುರಿಯುವುದಕ್ಕೆ ಉಪಯೋಗಿಸಿ. ಸೂಪನ್ನು ಬೇಕಾದಷ್ಟೇ ತೆಗೆದು ಪೂರ್ತಿ ಕುದಿ ಬರುವ ತನಕ ಬಿಸಿ ಮಾಡಿ, ಉಳಿದದ್ದನ್ನು ಮುಟ್ಟದೆ ಹಾಗೇ ವಾಪಸ್ ಇಡಿ.